ಸಾಹಿತ್ಯ ಏಜೆಂಟರೂ ಉತ್ತರದ ನಿರೀಕ್ಷೆಯೂ

ಕಾದಂಬರಿಯೊಂದನ್ನು ಬರೆದು ಮುಗಿಸಿದ ದಿನಕ್ಕೂ ಅದು ಅಚ್ಚಾಗಿ ಓದುಗರ ಕೈ ಸೇರುವ ದಿನಕ್ಕೂ ನಡುವೆ ದೀರ್ಘವಾದ ಒಂದು ಅವಧಿ ಇರುತ್ತದೆ. ನಮ್ಮ ಸಾಹಿತ್ಯ ಚರಿತ್ರೆಗಳು ಈ ಅವಧಿಯನ್ನು ಗಮನಿಸಿರುವುದು ಕಡಿಮೆ. ಕೃತಿಯ ಪ್ರಕಟಣೆಯ ವರ್ಷವನ್ನು ದಾಖಲಿಸಿ, ಅದರ ವಸ್ತು, ತಂತ್ರ, ಭಾಷೆಗಳ ವಿವೇಚನೆಗೆ ನಾವು ತೊಡಗುತ್ತೇವೆ. ಆದರೆ ಬರೆದವರ ಪಾಲಿಗೆ ಈ ನಡುಗಾಲವು ಬರವಣಿಗೆಯ ಕಾಲಕ್ಕಿಂತಲೂ ಕಷ್ಟದ್ದಾಗಿರುವುದುಂಟು. ಹಲವರು ಬರವಣಿಗೆಯನ್ನೇ ಕೈಬಿಡುವುದು ಈ ಅವಧಿಯಲ್ಲಿ.

ಇಂಗ್ಲಿಷ್ ಪ್ರಕಾಶನಲೋಕದಲ್ಲಿ, ಅದರಲ್ಲೂ ಲಂಡನ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ, ಈ ನಡುಗಾಲದ ಹೊಸ್ತಿಲಲ್ಲಿ ನಿಂತಿರುವ ವ್ಯಕ್ತಿಯನ್ನು ‘ಲಿಟರರಿ ಏಜೆಂಟ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ನಾವು ‘ಸಾಹಿತ್ಯ ಏಜೆಂಟ್’ ಎನ್ನಬಹುದು. ಕನ್ನಡ ಪ್ರಕಾಶನದ ಪರಂಪರೆಯಲ್ಲಿ ಇಂಥ ವ್ಯಕ್ತಿಗೆ ಸ್ಥಾನವಿರಲಿಲ್ಲವಾದ್ದರಿಂದ ಈ ವ್ಯವಸ್ಥೆ ನಮಗೆ ಅಪರಿಚಿತವಾದುದು. ಆದರೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರ ಎರಡನೆಯ, ಮೂರನೆಯ ತಲೆಮಾರಿನವರಲ್ಲಿ ಇಂಗ್ಲಿಷಿನಲ್ಲಿ ಬರೆಯುವವರಿದ್ದಾರೆ. ಕನ್ನಡ ಕಾದಂಬರಿಗಳನ್ನು ಇಂಗ್ಲಿಷಿಗೆ ಅನುವಾದಿಸುವವರೂ ಇದ್ದಾರೆ. ತಮ್ಮ ಹಸ್ತಪ್ರತಿಯನ್ನು ಏಜೆಂಟರಿಗೆ ಕಳುಹಿಸಿ, ತಿಂಗಳುಗಟ್ಟಲೆ ಉತ್ತರ ಬಾರದೆ, ಆ ಮೌನದ ಅರ್ಥವೇನೆಂದು ತಿಳಿಯದೆ ಇರುವವರು ಇವರು. ಈ ವ್ಯವಸ್ಥೆ ಹೇಗೆ ಹುಟ್ಟಿತು, ಹೇಗೆ ನಡೆಯುತ್ತದೆ, ಅದರ ಮೌನವನ್ನು ಯಾವ ಅರ್ಥದಲ್ಲಿ ಗ್ರಹಿಸಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಏಜೆಂಟರ ಉಗಮ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೆ ಇಂಗ್ಲಿಷ್ ಲೇಖಕರು ಪ್ರಕಾಶಕರೊಡನೆ ನೇರವಾಗಿಯೇ ವ್ಯವಹರಿಸುತ್ತಿದ್ದರು. ಎಷ್ಟೋ ಸಂದರ್ಭಗಳಲ್ಲಿ ಒಂದಿಷ್ಟು ಹಣ ಪಡೆದು ಕೃತಿಯ ಹಕ್ಕನ್ನು ಪೂರ್ಣವಾಗಿ ಬಿಟ್ಟುಕೊಡುತ್ತಿದ್ದರು. ಅಕ್ಷರಸ್ಥರ ಸಂಖ್ಯೆ ಬೆಳೆದು, ನಿಯತಕಾಲಿಕೆಗಳು ಹೆಚ್ಚಿ, ಅಮೆರಿಕ ಹಾಗೂ ವಸಾಹತುಗಳ ಮಾರುಕಟ್ಟೆ ತೆರೆದುಕೊಂಡಂತೆ ಒಂದೇ ಕೃತಿಯಿಂದ ಹಲವು ಬಗೆಯ ಹಕ್ಕುಗಳು ಹುಟ್ಟಿಕೊಂಡವು. ಧಾರಾವಾಹಿಯ ಹಕ್ಕು ಬೇರೆ, ಪುಸ್ತಕದ ಹಕ್ಕು ಬೇರೆ, ಅಮೆರಿಕದ ಹಕ್ಕು ಬೇರೆ. ಇವುಗಳ ಲೆಕ್ಕಾಚಾರ ಲೇಖಕರ ಕೈಮೀರಿದಾಗ ಮಧ್ಯವರ್ತಿಯ ಅಗತ್ಯ ತಲೆದೋರಿತು.

ಸ್ಕಾಟ್ಲೆಂಡ್ ಮೂಲದ ಎ. ಪಿ. ವಾಟ್ 1875ರ ಸುಮಾರಿಗೆ ಲಂಡನ್ನಿನಲ್ಲಿ ಈ ಕೆಲಸವನ್ನು ಆರಂಭಿಸಿದರು. ತಮ್ಮ ಸ್ನೇಹಿತ, ಕಾದಂಬರಿಕಾರ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅವರ ಕೃತಿಗಳನ್ನು ಪ್ರಕಾಶಕರಿಗೆ ಮಾರಿಕೊಟ್ಟದ್ದು ಈ ವೃತ್ತಿಯ ಮೊದಲ ಹೆಜ್ಜೆ ಎನ್ನಲಾಗಿದೆ. ಲೇಖಕರಿಗೆ ದೊರೆಯುವ ಹಣದಲ್ಲಿ ಶೇ. 10ರಷ್ಟನ್ನು ದಲ್ಲಾಳಿಯಾಗಿ ಪಡೆಯುವ ಪದ್ಧತಿ ಅವರಿಂದಲೇ ನೆಲೆಗೊಂಡಿತು. ರಡ್‌ಯಾರ್ಡ್ ಕಿಪ್ಲಿಂಗ್, ಆರ್ಥರ್ ಕಾನನ್ ಡಾಯ್ಲ್ ಮೊದಲಾದವರ ವ್ಯವಹಾರವನ್ನು ವಾಟ್ ನೋಡಿಕೊಳ್ಳುತ್ತಿದ್ದರು. 1896ರಲ್ಲಿ ವೃತ್ತಿಗಿಳಿದ ಜೆ. ಬಿ. ಪಿಂಕರ್, ಜೋಸೆಫ್ ಕಾನ್ರಾಡ್, ಹೆನ್ರಿ ಜೇಮ್ಸ್ ಅವರಂಥವರ ಏಜೆಂಟರಾಗಿದ್ದರು. ಕಾನ್ರಾಡರಿಗೆ ವರ್ಷಗಟ್ಟಲೆ ಸಾಲವನ್ನೂ ಕೊಟ್ಟು ಕಾಪಾಡಿದರು. ಪ್ರಕಾಶಕರಿಗೆ ಈ ಹೊಸ ಮಧ್ಯವರ್ತಿಗಳು ಪ್ರಿಯರಾಗಿರಲಿಲ್ಲ. 1890ರ ದಶಕದಲ್ಲಿ ವಿಲಿಯಂ ಹೈನ್‌ಮನ್ ಅವರಂಥ ಪ್ರಕಾಶಕರು ಬಹಿರಂಗವಾಗಿಯೇ ಇವರನ್ನು ವಿರೋಧಿಸಿದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆರಂಭದ ಏಜೆಂಟರು ಈಗಾಗಲೇ ಹೆಸರು ಮಾಡಿದ, ಅಥವಾ ಯಾರಾದರೂ ಪರಿಚಯಿಸಿದ ಲೇಖಕರ ಪ್ರತಿನಿಧಿಗಳಾಗಿದ್ದರು. ಅಪರಿಚಿತರ ಹಸ್ತಪ್ರತಿಗಳನ್ನು ಜರಡಿ ಹಿಡಿಯುವ ಕೆಲಸ ಪ್ರಕಾಶನ ಸಂಸ್ಥೆಗಳದೇ ಆಗಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಸ್ಥಿತಿ ಬದಲಾಯಿತು. ಸಂಸ್ಥೆಗಳು ಒಂದರಲ್ಲೊಂದು ವಿಲೀನಗೊಂಡು ದೊಡ್ಡವಾದಂತೆ, ಕೇಳದೆ ಬಂದ ಹಸ್ತಪ್ರತಿಗಳನ್ನು ಓದುವ ವೆಚ್ಚವನ್ನು ಅವು ಕೈಬಿಟ್ಟವು. 1976ರಲ್ಲಿ ಅಮೆರಿಕದ ವೈಕಿಂಗ್ ಪ್ರೆಸ್, ಜೂಡಿತ್ ಗೆಸ್ಟ್ ಅವರ ‘ಆರ್ಡಿನರಿ ಪೀಪಲ್’ ಕಾದಂಬರಿಯನ್ನು ಪ್ರಕಟಿಸಿದಾಗ, ಏಜೆಂಟರ ಮೂಲಕವಲ್ಲದೆ ತಾನಾಗಿ ಬಂದ ಹಸ್ತಪ್ರತಿಯೊಂದನ್ನು ಆ ಸಂಸ್ಥೆ ಕಾಲು ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಸ್ವೀಕರಿಸಿತೆಂಬುದು ದೊಡ್ಡ ಸುದ್ದಿಯಾಯಿತು. ಇಂದು ಲಂಡನ್, ನ್ಯೂಯಾರ್ಕ್‌ಗಳ ದೊಡ್ಡ ಸಂಸ್ಥೆಗಳು ಏಜೆಂಟರ ಮೂಲಕ ಬಂದುದನ್ನು ಮಾತ್ರ ಪರಿಶೀಲಿಸುವುದು ಸಾಮಾನ್ಯ ನಿಯಮ. ಹೀಗಾಗಿ ಪ್ರಕಾಶಕರ ಮೇಜಿನ ಮೇಲಿದ್ದ ರಾಶಿ ಏಜೆಂಟರ ಮೇಜಿಗೆ ಸ್ಥಳಾಂತರಗೊಂಡಿತು. ಇಂದಿನ ದೀರ್ಘ ನಿರೀಕ್ಷೆಯ ಮೂಲವಿರುವುದು ಈ ಸ್ಥಳಾಂತರದಲ್ಲಿ.

2. ಮೈಸೂರಿನಿಂದ ಹೊರಟ ಒಂದು ಹಸ್ತಪ್ರತಿ

ನಿರೀಕ್ಷೆಯ ಈ ಇತಿಹಾಸದಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಪ್ರಸಿದ್ಧ ಉದಾಹರಣೆಯೆಂದರೆ ಆರ್. ಕೆ. ನಾರಾಯಣ್ ಅವರದು. ಮೈಸೂರಿನಲ್ಲಿ ಕುಳಿತು ಬರೆದ ಮೊದಲ ಕಾದಂಬರಿಯನ್ನು ಅವರು ಲಂಡನ್ನಿನ ಪ್ರಕಾಶಕರಿಗೆ ಅಂಚೆಯ ಮೂಲಕ ಕಳುಹಿಸುತ್ತಿದ್ದರು. ವಾರಗಳ ಬಳಿಕ ಅದು ಮರಳಿ ಬರುತ್ತಿತ್ತು. ಕೊನೆಗೆ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಸ್ನೇಹಿತ ಪೂರ್ಣ ಅವರ ಕೈಗೆ ಹಸ್ತಪ್ರತಿ ಸೇರಿತು. ನಿರಾಕರಣೆಗಳಿಂದ ಬೇಸತ್ತ ನಾರಾಯಣ್, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸುವಂತೆ ಸ್ನೇಹಿತನಿಗೆ ಬರೆದಿದ್ದರು. ಸ್ನೇಹಿತರು ಹಾಗೆ ಮಾಡದೆ ಅದನ್ನು ಗ್ರಹಾಂ ಗ್ರೀನ್ ಅವರಿಗೆ ತೋರಿಸಿದರು. ಗ್ರೀನ್ ಅವರ ಶಿಫಾರಸಿನ ಮೇರೆಗೆ ಹಾಮಿಶ್ ಹ್ಯಾಮಿಲ್ಟನ್ ಸಂಸ್ಥೆ 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ಪ್ರಕಟಿಸಿತು. ಗ್ರೀನ್ ಅವರ ಏಜೆಂಟರಾಗಿದ್ದ ಡೇವಿಡ್ ಹೈಯಂ ಮುಂದೆ ನಾರಾಯಣ್ ಅವರಿಗೂ ಏಜೆಂಟರಾದರು.

ಈ ಘಟನೆಯನ್ನು ಅದೃಷ್ಟದ ಕತೆಯೆಂದು ಓದುವುದು ರೂಢಿ. ಇದಕ್ಕೆ ಇನ್ನೊಂದು ಮುಖವಿದೆ. ಹಿಂತಿರುಗಿ ಬಂದ ಹಸ್ತಪ್ರತಿಯೂ ಗ್ರೀನ್ ಮೆಚ್ಚಿದ ಹಸ್ತಪ್ರತಿಯೂ ಒಂದೇ. ನಿರಾಕರಿಸಿದವರು ಕೃತಿಯನ್ನು ಕುರಿತು ಹೇಳಿದ್ದಕ್ಕಿಂತ ಹೆಚ್ಚಾಗಿ, ದೂರದ ದಕ್ಷಿಣ ಭಾರತದ ಹುಡುಗನೊಬ್ಬನ ಕತೆಯನ್ನು ಯಾರು ಕೊಳ್ಳುತ್ತಾರೆ ಎಂಬ ತಮ್ಮ ಸಂದೇಹವನ್ನು ಹೇಳಿದ್ದರೆಂದೇ ಭಾವಿಸಬೇಕಾಗುತ್ತದೆ. ಅವರ ಸಂದೇಹ ವ್ಯಾಪಾರದ ದೃಷ್ಟಿಯಿಂದ ತಪ್ಪಾಗಿರಲೂ ಇಲ್ಲ. ಮೊದಲ ಮುದ್ರಣದ ಮಾರಾಟ ಕಡಿಮೆಯೇ ಆಗಿತ್ತು. ಕೃತಿಯ ಬೆಲೆಯೂ ಕೃತಿಯ ಮಾರಾಟವೂ ಬೇರೆ ಬೇರೆ ಪ್ರಶ್ನೆಗಳು. ಏಜೆಂಟ್ ಉತ್ತರಿಸುವುದು ಮುಖ್ಯವಾಗಿ ಎರಡನೆಯ ಪ್ರಶ್ನೆಗೆ.

3. ಇಂದಿನ ಕ್ರಮ

ಈಗ ಬಳಕೆಯಲ್ಲಿರುವ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ವಿವರಿಸಬಹುದು. ಲೇಖಕರು ಮೊದಲು ಒಂದು ಪುಟದ ಪತ್ರವನ್ನು ಕಳುಹಿಸುತ್ತಾರೆ. ಇದಕ್ಕೆ ‘ಕ್ವೆರಿ’ ಎಂದು ಹೆಸರು. ಕೃತಿಯ ವಸ್ತುವೇನು, ಪದಗಳೆಷ್ಟು, ಯಾವ ಬಗೆಯ ಓದುಗರಿಗೆ ಸಲ್ಲುವಂಥದು, ಬರೆದವರು ಯಾರು ಎಂಬ ವಿವರಗಳು ಅದರಲ್ಲಿರುತ್ತವೆ. ಬ್ರಿಟನ್ನಿನಲ್ಲಿ ಪತ್ರದ ಜೊತೆಗೆ ಕಥಾಸಾರವನ್ನೂ ಮೊದಲ ಮೂರು ಅಧ್ಯಾಯಗಳನ್ನೂ ಕೇಳುವುದು ವಾಡಿಕೆ. ಅಮೆರಿಕದಲ್ಲಿ ಕೆಲವರು ಪತ್ರವನ್ನು ಮಾತ್ರ, ಕೆಲವರು ಮೊದಲ ಐದು ಹತ್ತು ಪುಟಗಳನ್ನು ಕೇಳುತ್ತಾರೆ. ಅವು ಹಿಡಿಸಿದರೆ ಏಜೆಂಟ್ ಪೂರ್ಣ ಹಸ್ತಪ್ರತಿಯನ್ನು ತರಿಸಿಕೊಳ್ಳುತ್ತಾರೆ. ಅದೂ ಹಿಡಿಸಿದರೆ ಲೇಖಕರೊಡನೆ ಮಾತನಾಡಿ, ಕರಾರು ಮಾಡಿಕೊಂಡು, ಅನಂತರ ಪ್ರಕಾಶಕರನ್ನು ಹುಡುಕಲು ತೊಡಗುತ್ತಾರೆ. ಅಲ್ಲಿ ಮತ್ತೊಂದು ನಿರೀಕ್ಷೆ ಆರಂಭವಾಗುತ್ತದೆ.

ಅಂಚೆಯ ಕಾಲದಲ್ಲಿ ಉತ್ತರಕ್ಕಾಗಿ ಸ್ವವಿಳಾಸದ, ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಇಡಬೇಕಾಗಿತ್ತು. ಭಾರತದಿಂದ ಕಳುಹಿಸುವವರು ಅಂತಾರಾಷ್ಟ್ರೀಯ ಉತ್ತರ ಕೂಪನ್ನುಗಳನ್ನು ಕೊಂಡು ಇಡುತ್ತಿದ್ದರು. ಲಕೋಟೆಯ ಖರ್ಚು ಲೇಖಕರದಾದ್ದರಿಂದ ಒಂದು ಅಚ್ಚಿನ ಚೀಟಿಯಾದರೂ ಮರಳಿ ಬರುತ್ತಿತ್ತು. ಮಿಂಚಂಚೆ ಬಂದಮೇಲೆ ಕಳುಹಿಸುವುದು ಸುಲಭವಾಯಿತು. ಸುಲಭವಾದುದರಿಂದಲೇ ಕಳುಹಿಸುವವರ ಸಂಖ್ಯೆ ಬೆಳೆಯಿತು. ಉತ್ತರಿಸುವ ಪದ್ಧತಿ ಕ್ಷೀಣಿಸಿತು. ಮೊದಲ ಪತ್ರಕ್ಕೆ ಆರರಿಂದ ಹನ್ನೆರಡು ವಾರಗಳ ಅವಧಿಯನ್ನು ಅನೇಕ ಏಜೆನ್ಸಿಗಳು ಸೂಚಿಸುತ್ತವೆ. ಅಷ್ಟರೊಳಗೆ ಉತ್ತರ ಬಾರದಿದ್ದರೆ ‘ಬೇಡ’ ಎಂದು ತಿಳಿಯಬೇಕೆಂದು ಕೆಲವು ಏಜೆನ್ಸಿಗಳು ಮುಂಚಿತವಾಗಿಯೇ ಪ್ರಕಟಿಸಿರುತ್ತವೆ. ಪೂರ್ಣ ಹಸ್ತಪ್ರತಿಯ ಓದಿಗೆ ಮೂರರಿಂದ ಆರು ತಿಂಗಳು ಹಿಡಿಯುವುದು ಸಾಮಾನ್ಯ, ಅದಕ್ಕೂ ಹೆಚ್ಚಾಗುವುದುಂಟು.

ಈ ಕ್ರಮದಲ್ಲಿ ಒಂದು ವಿಚಿತ್ರವಾದ ತಿರುವೂ ಇದೆ. ಒಬ್ಬ ಏಜೆಂಟ್ ಒಪ್ಪಿಗೆ ಸೂಚಿಸಿದ ಕೂಡಲೇ, ಹಸ್ತಪ್ರತಿ ಇರುವ ಉಳಿದ ಏಜೆಂಟರಿಗೂ ಲೇಖಕರು ಅದನ್ನು ತಿಳಿಸಿ, ಸುಮಾರು ಎರಡು ವಾರಗಳ ಗಡುವು ಕೊಡುವ ಸಂಪ್ರದಾಯವಿದೆ. ಆಗ ತಿಂಗಳುಗಳಿಂದ ಸುಮ್ಮನಿದ್ದವರು ಎರಡೇ ವಾರದಲ್ಲಿ ಓದಿ ಉತ್ತರಿಸುತ್ತಾರೆ. ಅಷ್ಟು ಕಾಲ ಹಸ್ತಪ್ರತಿ ಸರದಿಯಲ್ಲಿ ಮಾತ್ರ ಇತ್ತು, ಅದರ ಮೇಲೆ ಯಾವ ತೀರ್ಮಾನವೂ ಆಗಿರಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

4. ಮೌನದ ಕಾರಣಗಳು

ಏಜೆಂಟರ ಆದಾಯದ ಸ್ವರೂಪವನ್ನು ತಿಳಿದರೆ ಅವರ ಮೌನದ ಬಹುಪಾಲು ಅರ್ಥವಾಗುತ್ತದೆ. ಹಿಂದೆ ಶೇ. 10ರಷ್ಟಿದ್ದ ದಲ್ಲಾಳಿ ಈಗ ಸ್ವದೇಶದ ಮಾರಾಟಕ್ಕೆ ಶೇ. 15, ವಿದೇಶ ಹಾಗೂ ಅನುವಾದದ ಹಕ್ಕುಗಳಿಗೆ ಶೇ. 20 ಎಂದು ನಿಂತಿದೆ. ಕೃತಿ ಮಾರಾಟವಾದರೆ ಮಾತ್ರ ಈ ಹಣ. 5,000 ಪೌಂಡುಗಳ ಮುಂಗಡ ದೊರೆತ ಕಾದಂಬರಿಯಿಂದ ಏಜೆಂಟರಿಗೆ ಬರುವುದು 750 ಪೌಂಡು. ಹೊಸಬರ ಹಸ್ತಪ್ರತಿಯನ್ನು ಓದುವ ಕೆಲಸಕ್ಕೆ ಸಂಬಳವಿಲ್ಲ. ಹಗಲಿನ ಹೊತ್ತು ಈಗಾಗಲೇ ಒಪ್ಪಿಕೊಂಡ ಲೇಖಕರ ಕರಾರು, ಲೆಕ್ಕಪತ್ರ, ಪ್ರಕಾಶಕರ ಭೇಟಿ ಇವುಗಳಿಗೆ ಮೀಸಲು. ಓದು ನಡೆಯುವುದು ಸಂಜೆಗಳಲ್ಲಿ, ರಜೆಗಳಲ್ಲಿ. ಅಕ್ಟೋಬರಿನ ಫ್ರಾಂಕ್‌ಫರ್ಟ್ ಪುಸ್ತಕ ಮೇಳ, ವಸಂತಕಾಲದ ಲಂಡನ್ ಪುಸ್ತಕ ಮೇಳಗಳ ಸಮಯದಲ್ಲಿ ಅದೂ ನಿಲ್ಲುತ್ತದೆ. ವರ್ಷಕ್ಕೆ ಸಾವಿರಾರು ಪತ್ರಗಳು ಬರುವ ಏಜೆನ್ಸಿಗಳಿವೆ. ಅವುಗಳಲ್ಲಿ ಹೊಸದಾಗಿ ಒಪ್ಪಿಕೊಳ್ಳುವುದು ಬೆರಳೆಣಿಕೆಯಷ್ಟನ್ನು.

ಮೊದಲ ಓದುಗರು ಅನೇಕ ವೇಳೆ ಏಜೆಂಟರೇ ಆಗಿರುವುದಿಲ್ಲ; ಸಹಾಯಕರಾಗಿರುತ್ತಾರೆ. ಜೆ. ಕೆ. ರೌಲಿಂಗ್ ಅವರ ಮೊದಲ ‘ಹ್ಯಾರಿ ಪಾಟರ್’ ಕಾದಂಬರಿಯ ಮೂರು ಅಧ್ಯಾಯಗಳನ್ನು 1995ರಲ್ಲಿ ಕ್ರಿಸ್ಟೋಫರ್ ಲಿಟಲ್ ಅವರ ಏಜೆನ್ಸಿಯಲ್ಲಿ ತಿರಸ್ಕೃತ ಬುಟ್ಟಿಯಿಂದ ಎತ್ತಿಕೊಂಡು ಓದಿದವರು ಅಲ್ಲಿನ ಸಹಾಯಕಿ. ಆ ಸಂಸ್ಥೆ ಸಾಮಾನ್ಯವಾಗಿ ಮಕ್ಕಳ ಪುಸ್ತಕಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಬುಟ್ಟಿ ಸೇರಲು ಕಾರಣ ಅಷ್ಟೇ. ಅಮೆರಿಕದ ಕ್ಯಾಥರಿನ್ ಸ್ಟಾಕೆಟ್ ಅವರ ‘ದ ಹೆಲ್ಪ್’ ಕಾದಂಬರಿಯನ್ನು ಅರವತ್ತು ಏಜೆಂಟರು ನಿರಾಕರಿಸಿದ್ದರು, ಅರವತ್ತೊಂದನೆಯವರು ಒಪ್ಪಿದರು. 2009ರಲ್ಲಿ ಪ್ರಕಟವಾದ ಆ ಪುಸ್ತಕ ಲಕ್ಷಾಂತರ ಪ್ರತಿಗಳಲ್ಲಿ ಮಾರಾಟವಾಯಿತು. ಇಂಥ ಉದಾಹರಣೆಗಳಿಂದ ‘ಕಾದವರಿಗೆಲ್ಲ ಫಲವುಂಟು’ ಎಂದು ಸಾಧಿಸುವುದು ಸರಿಯಲ್ಲ. ಕಾದೂ ಫಲ ಕಾಣದವರ ಹೆಸರು ನಮಗೆ ತಿಳಿಯುವುದೇ ಇಲ್ಲ. ಈ ಉದಾಹರಣೆಗಳು ತೋರಿಸುವುದು ಇಷ್ಟು: ಮೌನಕ್ಕೆ ಒಂದೇ ಅರ್ಥವಿಲ್ಲ. ಪತ್ರವನ್ನು ಇನ್ನೂ ತೆರೆದಿಲ್ಲ ಎಂಬುದು ಒಂದು ಅರ್ಥ. ಪತ್ರವನ್ನಷ್ಟೇ ಓದಿ ಬದಿಗಿರಿಸಲಾಗಿದೆ ಎಂಬುದು ಇನ್ನೊಂದು. ಪುಟಗಳನ್ನು ಓದಿ ಹಿಡಿಸಲಿಲ್ಲ ಎಂಬುದು ಮೂರನೆಯದು. ಹಿಡಿಸಿತು, ಆದರೆ ಮಾರುವ ದಾರಿ ಕಾಣಲಿಲ್ಲ ಎಂಬುದು ನಾಲ್ಕನೆಯದು. ಹೊರಗೆ ಕಾಯುತ್ತಿರುವವರಿಗೆ ಈ ನಾಲ್ಕೂ ಒಂದೇ ರೀತಿ ಕೇಳಿಸುತ್ತವೆ. ಆದ್ದರಿಂದ ಮೌನದಿಂದ ವಿಮರ್ಶೆಯನ್ನು ಹೊರಡಿಸಲು ಸಾಧ್ಯವಿಲ್ಲ.

5. ಕನ್ನಡದ ಪದ್ಧತಿ

ನಮ್ಮ ಪ್ರಕಾಶನ ಪದ್ಧತಿ ಬೇರೆ ದಾರಿಯಲ್ಲಿ ಬೆಳೆಯಿತು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದ ನಡೆಯಿತು. ಹಸ್ತಪ್ರತಿಯನ್ನು ಓದುವವರು ಪ್ರಕಾಶಕರು ಮತ್ತು ಅವರ ಸಾಹಿತ್ಯ ಸಲಹೆಗಾರರು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಆ ಸ್ಥಾನದಲ್ಲಿದ್ದರು. ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1961ರಲ್ಲಿ, ಅವರ ಮೊದಲ ನಾಟಕ ‘ಯಯಾತಿ’ಯನ್ನು ಪ್ರಕಟಿಸಿದ್ದು ಈ ಗ್ರಂಥಮಾಲೆ. ಮುಂಬಯಿಯಲ್ಲಿ ನೆಲೆಸಿದ್ದ ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಹೊರಬಂದದ್ದೂ ಇಲ್ಲಿಂದಲೇ. ಹೊರನಾಡಿನ ಲೇಖಕನಿಗೂ ಒಳನಾಡಿನ ಪ್ರಕಾಶಕನಿಗೂ ನಡುವೆ ಇದ್ದುದು ಅಂಚೆ ಮಾತ್ರ, ಮಧ್ಯವರ್ತಿ ಇರಲಿಲ್ಲ. ಇದಲ್ಲದೆ ವಾರಪತ್ರಿಕೆಗಳ ಧಾರಾವಾಹಿಗಳೂ ದೀಪಾವಳಿ ವಿಶೇಷಾಂಕಗಳ ಸ್ಪರ್ಧೆಗಳೂ ಹೊಸಬರಿಗೆ ಬಾಗಿಲುಗಳಾಗಿದ್ದವು.

ಹಾಗೆಂದು ನಮ್ಮಲ್ಲಿ ಮೌನವೇ ಇರಲಿಲ್ಲವೆಂದು ಹೇಳುವಂತಿಲ್ಲ. ಅಂಚೆಚೀಟಿ ಇಲ್ಲದ ಬರಹಗಳನ್ನು ಹಿಂತಿರುಗಿಸುವುದಿಲ್ಲ, ಈ ಬಗ್ಗೆ ಪತ್ರವ್ಯವಹಾರಕ್ಕೆ ಅವಕಾಶವಿಲ್ಲ ಎಂಬ ಸೂಚನೆ ನಮ್ಮ ಪತ್ರಿಕೆಗಳಲ್ಲೂ ಅಚ್ಚಾಗುತ್ತಿತ್ತು. ವ್ಯತ್ಯಾಸವಿದ್ದುದು ಅಂತರದಲ್ಲಿ. ಕನ್ನಡದ ಲೇಖಕ ತನ್ನ ಹಸ್ತಪ್ರತಿ ಯಾರ ಕೈಯಲ್ಲಿದೆಯೆಂದು ಬಲ್ಲವನಾಗಿದ್ದ. ಅವರ ಅಭಿರುಚಿಯೇನೆಂಬುದೂ ಅವನಿಗೆ ತಿಳಿದಿರುತ್ತಿತ್ತು. ‘ಬೇಡ’ ಎಂಬ ಉತ್ತರವೂ ಪರಿಚಿತ ಕೈಬರಹದಲ್ಲಿ, ಕಾರಣಸಹಿತವಾಗಿ ಬರುವ ಸಾಧ್ಯತೆಯಿತ್ತು. ಈ ಸಂಸ್ಕಾರದಲ್ಲಿ ಬೆಳೆದ ನಾವು ಉತ್ತರವಿಲ್ಲದಿರುವುದನ್ನು ಅವಜ್ಞೆಯೆಂದು ತಿಳಿಯುವುದು ಸಹಜ.

6. ಅನುವಾದಕರ ಸಮಸ್ಯೆ

ನಮ್ಮ ವಿಭಾಗದಲ್ಲಿ ಎಂ.ಎ. ಓದಿದ ವಿದ್ಯಾರ್ಥಿನಿಯೊಬ್ಬರು ಕನ್ನಡದ ಒಳ್ಳೆಯ ಕಾದಂಬರಿಯೊಂದನ್ನು ಶ್ರಮವಹಿಸಿ ಇಂಗ್ಲಿಷಿಗೆ ತಂದು, ಇಪ್ಪತ್ತು ಮಂದಿ ಏಜೆಂಟರಿಗೆ ಕಳುಹಿಸಿದ್ದರು. ಎಂಟು ತಿಂಗಳಲ್ಲಿ ಬಂದದ್ದು ಎರಡು ಅಚ್ಚಿನ ಉತ್ತರ. “ನಮ್ಮ ಕಾದಂಬರಿಗಳು ಹೊರಗಿನವರಿಗೆ ಬೇಕಾಗಿಲ್ಲ ಸರ್” ಎಂಬುದು ಅವರು ತಲಪಿದ ತೀರ್ಮಾನ. ಈ ಲೇಖನವನ್ನು ಬರೆಯಲು ಆ ಮಾತೇ ಪ್ರೇರಣೆ. ಒಬ್ಬರ ಹಸ್ತಪ್ರತಿಗೆ ಬಂದ ಮೌನವನ್ನು ಒಂದು ಭಾಷೆಯ ಸಾಹಿತ್ಯದ ಮೇಲಿನ ತೀರ್ಪೆಂದು ಭಾವಿಸಿದರೆ, ನಷ್ಟ ಅನುವಾದಕರೊಬ್ಬರದಷ್ಟೇ ಆಗಿ ಉಳಿಯುವುದಿಲ್ಲ.

ವಾಸ್ತವದಲ್ಲಿ ಆ ಇಪ್ಪತ್ತು ಮಂದಿಯಲ್ಲಿ ಅನುವಾದಗಳನ್ನು ಸ್ವೀಕರಿಸುವವರು ಇಬ್ಬರೋ ಮೂವರೋ ಇದ್ದರು. ಇಂಗ್ಲಿಷಿನಲ್ಲಿ ಪ್ರಕಟವಾಗುವ ಪುಸ್ತಕಗಳಲ್ಲಿ ಅನುವಾದಗಳ ಪಾಲು ಶೇ. 3ರ ಆಸುಪಾಸು ಎಂಬ ಅಂದಾಜು ಬಹುಕಾಲದಿಂದ ಚಾಲ್ತಿಯಲ್ಲಿದೆ. ಏಜೆಂಟರು ಸಾಮಾನ್ಯವಾಗಿ ಪ್ರತಿನಿಧಿಸುವುದು ಮೂಲ ಲೇಖಕರನ್ನು. ಅನುವಾದಕರು ಮಾದರಿ ಅಧ್ಯಾಯಗಳೊಡನೆ ಪ್ರಕಾಶಕರನ್ನು, ವಿಶೇಷವಾಗಿ ಅನುವಾದಕ್ಕೆ ಮೀಸಲಾದ ಸಣ್ಣ ಸಂಸ್ಥೆಗಳನ್ನು, ನೇರವಾಗಿ ಸಂಪರ್ಕಿಸುವುದು ಹೆಚ್ಚು ರೂಢಿಯಲ್ಲಿರುವ ದಾರಿ. ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿಯವರು ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಬ್ರಿಟನ್ನಿನಲ್ಲಿ ಪ್ರಕಟವಾದದ್ದು ‘ಅಂಡ್ ಅದರ್ ಸ್ಟೋರೀಸ್’ ಎಂಬ ಸಣ್ಣ ಸಂಸ್ಥೆಯಿಂದ. ‘ಇಂಗ್ಲಿಷ್ ಪೆನ್’ ಸಂಸ್ಥೆಯ ಅನುವಾದ ಪುರಸ್ಕಾರವೂ ಅದಕ್ಕೆ ದೊರೆತಿತ್ತು. 2025ರ ಮೇ ತಿಂಗಳಲ್ಲಿ ಆ ಕೃತಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ವಿವೇಕ ಶಾನಭಾಗರ ‘ಘಾಚರ್ ಘೋಚರ್’, ಶ್ರೀನಾಥ್ ಪೇರೂರ್ ಅವರ ಅನುವಾದದಲ್ಲಿ, ಮೊದಲು ಭಾರತದಲ್ಲಿ ಪ್ರಕಟವಾಗಿ 2017ರಲ್ಲಿ ಅಮೆರಿಕದ ಓದುಗರನ್ನು ತಲಪಿತು. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳ ಸಂಕಲನ ‘ನೋ ಪ್ರೆಸೆಂಟ್ಸ್ ಪ್ಲೀಸ್’, ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ, ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಮೀಸಲಾದ ಡಿಎಸ್‌ಸಿ ಪ್ರಶಸ್ತಿಗೆ ಪಾತ್ರವಾಯಿತು. ಹೊರಗಿನವರಿಗೆ ಬೇಡವೆಂಬ ಮಾತಿಗೆ ಇವು ಉತ್ತರ.

7. ಕಾಯುವವರಿಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಅನುವಾದಕರು ಮೂಲ ಲೇಖಕರಿಂದ ಅಥವಾ ಅವರ ವಾರಸುದಾರರಿಂದ ಲಿಖಿತ ಅನುಮತಿ ಪಡೆದ ಬಳಿಕವೇ ಹೊರಗೆ ಕಳುಹಿಸಬೇಕು. ಭಾರತದ ಕಾಯಿದೆಯಂತೆ ಗ್ರಂಥಸ್ವಾಮ್ಯವು ಲೇಖಕರ ನಿಧನದ ನಂತರ 60 ವರ್ಷಗಳವರೆಗೆ ಇರುತ್ತದೆ. ಅನುಮತಿ ಇಲ್ಲದ ಹಸ್ತಪ್ರತಿ ಎಷ್ಟೇ ಚೆನ್ನಾಗಿದ್ದರೂ ಯಾರೂ ಮುಟ್ಟಲಾರರು.

ಎರಡನೆಯದಾಗಿ, ಏಕಕಾಲಕ್ಕೆ ಹಲವರಿಗೆ ಕಳುಹಿಸುವುದು ಈಗ ಒಪ್ಪಿತವಾದ ಕ್ರಮ. ಆದರೆ ಎಲ್ಲರಿಗೂ ಒಮ್ಮೆಗೇ ಕಳುಹಿಸುವುದಕ್ಕಿಂತ ಆರೆಂಟು ಮಂದಿಯ ತಂಡಗಳಾಗಿ ಕಳುಹಿಸುವುದು ಮೇಲು. ಮೊದಲ ತಂಡದಿಂದ ಏನೂ ಬಾರದಿದ್ದರೆ ಪತ್ರವನ್ನೂ ಮೊದಲ ಪುಟಗಳನ್ನೂ ತಿದ್ದಿ ಎರಡನೆಯ ತಂಡಕ್ಕೆ ಕಳುಹಿಸಬಹುದು. ಯಾರಿಗೆ, ಯಾವ ದಿನ, ಏನು ಕಳುಹಿಸಿದೆವು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಏಜೆನ್ಸಿ ಸೂಚಿಸಿದ ಅವಧಿ ಕಳೆದ ಮೇಲೆ ಎರಡು ಸಾಲಿನ ನೆನಪೋಲೆ ಕಳುಹಿಸುವುದು ಅಸಭ್ಯವಲ್ಲ. ಪೂರ್ಣ ಹಸ್ತಪ್ರತಿ ಅವರ ಬಳಿಯಿದ್ದರೆ ಅಗತ್ಯವೂ ಹೌದು. ಮೌನವೇ ನಿರಾಕರಣೆಯೆಂದು ಮುಂಚೆಯೇ ಪ್ರಕಟಿಸಿದವರಿಗೆ ಮಾತ್ರ ನೆನಪೋಲೆ ವ್ಯರ್ಥ.

ಮೂರನೆಯದಾಗಿ, ಓದುವುದಕ್ಕೆ ಹಣ ಕೇಳುವವರಿಂದ ದೂರವಿರಬೇಕು. ಅಮೆರಿಕದ ಏಜೆಂಟರ ಸಂಘದ ನೀತಿಸಂಹಿತೆ ಓದಿನ ಶುಲ್ಕವನ್ನು ನಿಷೇಧಿಸಿದೆ. ಕಾದು ದಣಿದವರ ಬಳಿಗೆ ಒಂದೇ ವಾರದಲ್ಲಿ ಹೊಗಳಿಕೆಯ ಪತ್ರವೂ ಅದರ ಬೆನ್ನಿಗೇ ಹಣದ ಬೇಡಿಕೆಯೂ ಬಂದರೆ ಅದು ಮೋಸವೆಂದೇ ತಿಳಿಯಬೇಕು. ಭಾರತದಲ್ಲಿ 1990ರ ದಶಕದ ಕೊನೆಯಿಂದ ಸಾಹಿತ್ಯ ಏಜೆನ್ಸಿಗಳು ತಲೆಯೆತ್ತಿವೆ. ಅವುಗಳಲ್ಲಿ ಕೆಲವು ಹಸ್ತಪ್ರತಿಯ ಸಂಪಾದನೆಯನ್ನೂ ಹಣಕ್ಕೆ ಮಾಡಿಕೊಡುತ್ತವೆ. ಅದು ಬೇರೆ ವ್ಯವಹಾರ. ಪ್ರತಿನಿಧಿಯಾಗುವುದರೊಡನೆ ಅದನ್ನು ಬೆರೆಸಬಾರದು.

ಕೊನೆಯದಾಗಿ, ಹೊರನಾಡಿನ ಕನ್ನಡ ವಿಭಾಗಗಳೂ ಕನ್ನಡ ಸಂಘಗಳೂ ಇಲ್ಲಿ ಮಾಡಬಹುದಾದ ಕೆಲಸವೊಂದಿದೆ. ಏಜೆಂಟರ ಮೌನ ನೋಯಿಸುವುದು, ಆ ಹಸ್ತಪ್ರತಿಯನ್ನು ಅದುವರೆಗೆ ಬೇರೆ ಯಾರೂ ಓದಿರದಿದ್ದಾಗ. ಕಳುಹಿಸುವುದಕ್ಕೆ ಮುಂಚೆ ಎರಡು ಭಾಷೆ ಬಲ್ಲ ಮೂರ್ನಾಲ್ಕು ಮಂದಿ ಅದನ್ನು ಓದಿ, ಎಲ್ಲಿ ಸೊಗಸಿದೆ, ಎಲ್ಲಿ ಎಡವಿದೆ ಎಂದು ಲಿಖಿತವಾಗಿ ತಿಳಿಸುವ ಏರ್ಪಾಡು ಮಾಡುವುದು ನಮ್ಮ ವಿಭಾಗಗಳಿಗೆ ಕಷ್ಟವಲ್ಲ. ತನ್ನ ಕೃತಿ ಏನೆಂಬುದನ್ನು ಹೀಗೆ ತಿಳಿದುಕೊಂಡ ಲೇಖಕ ಅಥವಾ ಅನುವಾದಕಿ, ದೂರದ ಕಚೇರಿಯೊಂದರ ಮೌನವನ್ನು ಸರದಿಯ ಮೌನವೆಂದೇ ತಿಳಿದು, ಮುಂದಿನ ಕೆಲಸಕ್ಕೆ ತೊಡಗಬಲ್ಲರು. ಧಾರವಾಡದಲ್ಲಿ ಸಲಹೆಗಾರರು ಮಾಡುತ್ತಿದ್ದ ಓದು ಅದೇ. ಆ ಓದನ್ನು ನಾವು ಇಲ್ಲಿ ಮುಂದುವರಿಸಬೇಕಾಗಿದೆ.